ಗರಿಷ್ಠ ಮಟ್ಟ

ಸಹಿ ನನ್ನದೇ. ಪಂಚಾಯ್ತಿ ಮೊಹರೂ.
"ಸ್ಥಳ ಪರಿಶೀಲಿಸಲಾಗಿ ಒಣಭೂಮಿ ಎಂದು ಕಂಡುಬಂದಿದೆ."
ಸುಳ್ಳಲ್ಲ. ಅದು ಮೇ ತಿಂಗಳು.
ಕನ್ನಂಬಾಡಿ ಹಿನ್ನೀರು ಮೈಲಿ ದೂರ ಸರಿದು
ಬಿರಿದ ಮಣ್ಣಲ್ಲಿ ಎಮ್ಮೆ ಮೇಯುತ್ತಿದ್ದವು,
ಹುಡುಗರು ಸ್ಟಂಪು ನೆಟ್ಟಿದ್ದರು.
ನನ್ನ ಸ್ಕೂಟರಿಗೆ ಯಾರೋ ಸೀಬೆಹಣ್ಣಿನ ಚೀಲ ಕಟ್ಟಿದ್ದರು.
ಹಣ್ಣಿನ ಕೆಳಗೆ ಏನಿತ್ತೆಂದು ಕೇಳಬೇಡಿ.

ಹರಿಗೋಲಿನ ಕೆಂಪಶೆಟ್ಟಿ ಅಂದೇ ಹೇಳಿದ್ದ:
"ಮೆಲ್ಗೆ ಕಾಲಿಡಿ ಸಾಮಿ, ಮೊಟ್ಟೆ ಅವೆ."
ನನಗೆ ಬರೀ ಬೆಣಚುಕಲ್ಲು.
ಬಗ್ಗಿ ಮುಟ್ಟಿದರೆ
ಎರಡು ಕಲ್ಲು ಬೆಚ್ಚಗಿದ್ದವು.
ತಲೆ ಮೇಲೆ ರೀವ ಹಕ್ಕಿ ಬೈಯುತ್ತ ಸುತ್ತುತ್ತಿತ್ತು.
ಪಹಣಿಯಲ್ಲಿ ಅದರ ಹೆಸರಿರಲಿಲ್ಲ.

ಆಮೇಲೆ ಜೆಸಿಬಿ. ಆಮೇಲೆ ಅರವತ್ತು ಲೋಡು ಎಂ-ಸ್ಯಾಂಡು,
ಕ್ರಷರಿನಲ್ಲಿ ಹುಟ್ಟಿ ಒಂದು ಅಲೆಯನ್ನೂ ಕಾಣದ ಮರಳು.
ಹುಲ್ಲಿನ ಛತ್ರಿ, ಲಾರಿಯಲ್ಲಿ ಮಲಗಿ ಬಂದ ಈಚಲುಮರ,
'ಬೀಚ್' ಎಂದು ಬೋರ್ಡು, ಪಕ್ಕದಲ್ಲಿ ಬಾಣ.
ಮಂಗಳೂರಿನ ಡೀಸೆಲ್ ಉಳಿಯಿತೆಂದು ಜನವೋ ಜನ.
ರಾತ್ರಿ ಹಾಡು ನಿಂತ ಮೇಲೆ
ಗೋಡೆ ಕೆಳಗಿನ ಆರಿಂಚಿನ ಪೈಪು ಮಾತಿಗೆ ತೊಡಗುತ್ತದೆ.
ಕೆಂಪಶೆಟ್ಟಿಯ ಮೀನಿಗೆ ಈಗ ಶಾಂಪೂ ವಾಸನೆ.
ಅದೇ ನೀರು ಪಂಪು ಹತ್ತಿ, ಟ್ಯಾಂಕು ಇಳಿದು,
ದಿನ ಬಿಟ್ಟು ದಿನ ಬೆಳಿಗ್ಗೆ ಐದಕ್ಕೆ
ಹೂಟಗಳ್ಳಿಯ ನನ್ನ ಮನೆ ನಲ್ಲಿಯಲ್ಲಿ ಕೆಮ್ಮುತ್ತದೆ.
ಕಾಫಿಗೆ ನಾನೇ ಹಿಡಿಯುತ್ತೇನೆ.

ಆಗಸ್ಟಿನಲ್ಲಿ ಪೇಪರಿನ ಮೂಲೆಯ ಅಂಕಿ ದಿನಾ ಏರಿತು.
ನೂರ ಹದಿನೆಂಟು. ನೂರಿಪ್ಪತ್ತೆರಡು.
ನೂರಿಪ್ಪತ್ನಾಲ್ಕು ಪಾಯಿಂಟ್ ಎಂಟು ಮುಟ್ಟಿದ ದಿನ
ಮಂಡ್ಯದಲ್ಲಿ ಪಟಾಕಿ, ಬಾಗಿನದ ಮೊರಕ್ಕೆ ಗಡಿಬಿಡಿ,
ನನ್ನ ಮೇಜಿಗೆ ಫೋನು:
"ಸಾರ್, ರೆಸಾರ್ಟಿಂದ. ನೀರು ನಮ್ಮ ಜಾಗ ಒತ್ತುವರಿ ಮಾಡಿದೆ.
ಯಾರಿಗೆ ಅರ್ಜಿ ಹಾಕ್ಬೇಕು?"

ಹೋದೆ. ಕೆಂಪಶೆಟ್ಟಿ ಹರಿಗೋಲಲ್ಲಿ ಕೂರಿಸಿ
ಕಾಂಪೌಂಡಿನ ಮೇಲಿಂದಲೇ ದಾಟಿಸಿದ.
ಗಳ ಆಗಾಗ ಏನಕ್ಕೋ ತಾಗುತ್ತಿತ್ತು.
"ಇದು ಕುರ್ಚಿ," ಅಂದ. "ಇದು ಸೋಫಾ. ಇದು ಅವರ ಬಾರು."
ಒಂದು ಕಡೆ ಗಳ ಊರಿ ಸುಮ್ಮನೆ ನಿಂತ.
ಅಲ್ಲಿ ಏನೂ ತಾಗಲಿಲ್ಲ.
ನಾನೂ ಕೇಳಲಿಲ್ಲ.

ಈಗ ಮಾಘ. ನೀರಿಳಿದಿದೆ.
ರೂಮುಗಳ ಗೋಡೆಗೆ ಸೊಂಟದೆತ್ತರ ಕಂದು ಗೆರೆ,
ನಮ್ಮ ಸರ್ವೆಯವರಿಗೆ ಅಷ್ಟು ನೆಟ್ಟಗೆ ಎಳೆಯಲು ಬಾರದು.
ಇಬ್ಬರು ಅದರ ಮೇಲೆ ಬಣ್ಣ ಬಳಿಯುತ್ತಿದ್ದಾರೆ.
ಕಂಕುಳಲ್ಲಿ ಫೈಲು: ಲೈಸೆನ್ಸ್ ನವೀಕರಣ.
ಪೆನ್ನಿನ ಕ್ಯಾಪು ತೆಗೆದಿದ್ದೇನೆ.
ಆಳೊಬ್ಬ ಬ್ರಷ್ಷು ಎತ್ತಿ,
"ಇನ್ನೂ ಒಂದು ಕೋಟು ಬೇಕಾ ಸಾರ್?"
ಎಂದು ನನ್ನನ್ನೇ ಕೇಳುತ್ತಿದ್ದಾನೆ.