ನಡುಗೋಡೆ

ಬಾಗಿಲು ಹಾಕಿದ ಹಂದಿ ಫಾರ್ಮೊಂದರಿಂದ ಅಗ್ಗಕ್ಕೆ ಬಂದವು
ಇಪ್ಪತ್ತೆರಡು ಕಾಂಕ್ರೀಟ್ ಹಲಗೆ. ಒಂದೊಂದೂ ಮೂರಾಳುದ್ದ,
ಕೆಲವಕ್ಕೆ ಹಳೆಯ ಗಂಜಲದ ಗೆರೆ ಇನ್ನೂ ಆರಿಲ್ಲ.
ಸ್ಕಾಟ್ಲೆಂಡಿನ ಈ ಮೂಲೆಯಲ್ಲಿ ಸಮುದ್ರದ ಗಾಳಿ
ತಗಡಿನ ಉಗ್ರಾಣವನ್ನು ಊದಿ ಊದಿ ನೋಡುತ್ತದೆ.
ಜುಲೈ ಮುಗಿಯುತ್ತಿದೆ. ಬಾರ್ಲಿ ಕಾಯುವುದಿಲ್ಲ.

ಉಕ್ಕಿನ ಕಂಬಗಳು ಮೊದಲೇ ನಿಂತಿವೆ,
ಎರಡೂ ಮಗ್ಗುಲಲ್ಲಿ ಉದ್ದುದ್ದ ಸಂದು.
ಇಷ್ಬೆಲ್ ಲೋಡರ್‌ನಲ್ಲಿ ಕೂತು ಹಲಗೆ ಎತ್ತುತ್ತಾಳೆ,
ಕೆಳಗೆ ಮರ್ಡೊ. ಎರಡು ಬೆರಳ ಸನ್ನೆಯಷ್ಟೇ ಅವನ ಮಾತು:
ಇಳಿಸು. ಇನ್ನೂ. ತಡಿ.
ಮೂರನೆಯ ಬೆರಳು ಇಂಥದೇ ಒಂದು ಸಂದಿಗೆ ಸಂದುಹೋಗಿದೆ.
ಆ ಕಥೆ ಅವನು ಹೇಳುವುದಿಲ್ಲ, ಅವಳು ಕೇಳುವುದಿಲ್ಲ.

ನಾಲ್ಕನೆಯ ಕಂಬ ನೂಲೆಳೆಯಷ್ಟು ವಾಲಿತ್ತು.
ಹಲಗೆ ಅರ್ಧ ದಾರಿಯಲ್ಲಿ ಹಲ್ಲು ಕಚ್ಚಿ ನಿಂತಿತು,
ಎರಡು ಟನ್ ಹಠ.
ಮರ್ಡೊ ಬೈಯಲಿಲ್ಲ. ಹಾರೆ ತಂದ, ಮರದ ಬೆಣೆ ತಂದ,
ಕೊನೆಗೆ ಚಹಾ ತಂದ.
ಚಹಾ ಮುಗಿಯುವಷ್ಟರಲ್ಲಿ ತಾನೇ ಜಾರಿ ಕೂತಿತು,
ನೆಲ ಒಮ್ಮೆ ಹೂಂ ಅಂದಿತು.

ಮೇಲಿನ ಸಾಲಿನದರ ಮೇಲೆ ಹಂದಿಕೋಣೆಯ ಅಂಕಿ, ಕೆಂಪು ಬಣ್ಣದಲ್ಲಿ:
ಏಳು, ತಲೆಕೆಳಗಾಗಿ.
ತಿರುಗಿಸೋಣವೇ ಎಂದಳು.
ಬಿದ್ದರೂ ಏಳು ಏಳೇ, ಎಂದ.

ಸಂಜೆ ಸಂದುಗಳಿಗೆ ಅಂಟು ತುಂಬುತ್ತ ಲೆಕ್ಕ ಹೇಳಿದಳು:
ಆಚೆ ವಿಸ್ಕಿಯವರ ಬಾರ್ಲಿ, ಈಚೆ ದನದ್ದು.
ಒಂದೇ ಹೊಲ, ಒಂದೇ ಬಿತ್ತನೆ,
ಮಳೆ ಯಾವ ದಿನ ಹಿಡಿಯಿತು ಎಂಬುದರ ಮೇಲೆ ಜಾತಿ.
ಮರ್ಡೊ ಗೋಡೆಯನ್ನು ತಟ್ಟಿದ, ಎಮ್ಮೆ ಕೊಳ್ಳುವವನ ಹಾಗೆ.
‘ಕಾಳು ನೀರಲ್ಲ. ಆದರೂ ನೂಕುತ್ತೆ.
ಒಂದೇ ಕಡೆ ಸೂರು ಮುಟ್ಟ ತುಂಬಬೇಡ.’

ಸೆಪ್ಟೆಂಬರಿನಲ್ಲಿ ಬಂದದ್ದೆಲ್ಲ ಒಳ್ಳೆಯ ಬಾರ್ಲಿ, ಅಪರೂಪಕ್ಕೆ.
ದನದ ಪಾಲಿನ ಕಡೆ ಬರೀ ನೆಲ, ಒಂದು ಪೊರಕೆ.
ರಾತ್ರಿ ಟಾರ್ಚು ಹಿಡಿದು ಗೋಡೆಯುದ್ದಕ್ಕೆ ದಾರ ಕಟ್ಟಿದಳು:
ನಡುವೆ ಒಂದು ಬೆರಳಗಲ ಉಬ್ಬು.
ಒಳ್ಳೆಯದರ ಭಾರ.

ಬೆಳಿಗ್ಗೆ ದಿಣ್ಣೆಯಾಚೆಯ ಫಿನ್ಲೆಗೆ ಫೋನು ಮಾಡಿದಳು.
ಅವನ ಓಟ್ಸು ಟಾರ್ಪಾಲಿನಡಿ ಕೂತು ಹತ್ತು ದಿನ.
‘ಬಾಡಿಗೆ ಎಷ್ಟು?’
‘ಗೋಡೆಗೆ ಒರಗಿಸು, ಸಾಕು.’

ಹದಿನಾಲ್ಕು ಟ್ರೇಲರ್. ಧೂಳಿಳಿದಾಗ
ಕೆಂಪು ಏಳು ಅರ್ಧ ಮುಳುಗಿತ್ತು.
ದಾರ ಬಿಚ್ಚುವುದನ್ನು ಮರೆತಿದ್ದಳು.
ಓಟ್ಸಿನೊಳಗೆ ಎಲ್ಲೋ
ಬಿಗಿಯಾಗಿಯೇ ಇದೆ.