ಸೊನ್ನೆಗೆ ಬರುವ ತನಕ

ಸಿದ್ದಾಪುರದ ಸಂತೆಬೀದಿಯಲ್ಲಿ ನನ್ನ ಅಂಗಡಿ.
ಕಾಫಿ, ಕರಿಮೆಣಸು ಕೊಳ್ಳುತ್ತೇನೆ.
ತಕ್ಕಡಿ ಈಗ ಕರೆಂಟಿನದು, ಕೆಂಪು ಅಂಕಿ ಉರಿಯುತ್ತದೆ.
ಆದರೂ ಮೊದಲ ಚೀಲಕ್ಕೆ ಮುಂಚೆ
ತಟ್ಟೆಯ ಧೂಳು ಊದುತ್ತೇನೆ,
ಬಂದವರನ್ನು ಹತ್ತಿರ ಕರೆದು ಸೊನ್ನೆ ತೋರಿಸುತ್ತೇನೆ.
ಯಾರು ಕಲಿಸಿದರೆಂದು ಕೇಳಿದರೆ
ಯಾರೂ ಇಲ್ಲ ಅನ್ನಬೇಕು.

ಸಿಪ್ರಿಯನ್ ರೈಟರು ಯಾರಿಗೂ ಏನೂ ಕಲಿಸಿದವರಲ್ಲ.
ಇಗರ್ಜಿಯ ಹಾಡಿನಲ್ಲಿ ಅವರ ದನಿ
ಉಳಿದವರಿಗಿಂತ ಅರ್ಧ ಸಾಲು ಹಿಂದೆ.
ನಾಯಿ ಕಂಡರೆ ಸಿಡುಕು.
ಪ್ರತಿ ತಪಸ್ಸುಕಾಲದಲ್ಲೂ ಬೀಡಿ ಬಿಟ್ಟು
ಪಾಸ್ಕದ ಸಂಜೆ ನಾಚಿಕೆಯಿಲ್ಲದೆ ಹಚ್ಚುತ್ತಿದ್ದರು.

ಕಣದ ಪಕ್ಕದ ಸಿಲ್ವರ್ ಓಕಿನ ಕೊಂಬೆಗೆ
ತೂಗುಹಾಕಿದ ಸ್ಪ್ರಿಂಗ್ ತಕ್ಕಡಿ.
ಸಂಜೆ ನಾಲ್ಕೂವರೆಗೆ ಲೈನ್‌ಮನೆಯ ಹೆಂಗಸರು
ಹಣ್ಣಿನ ಚೀಲ ಹೊತ್ತು ಸಾಲು ನಿಲ್ಲುವರು,
ಬೆನ್ನಿನ ಮೇಲೆ ಕೆಂಪು ಅಂಟು, ಕೆಂಜಿಗದ ಇರುವೆ.
ಗಾಳಿಗೆ ಮುಳ್ಳು ಅದುರುತ್ತದೆ.
ರೈಟರು ಕೈ ಹಿಂದೆ ಕಟ್ಟಿ ನಿಂತಿರುತ್ತಾರೆ.
ಆಚೆ ಲಾರಿಯವನ ಹಾರ್ನು,
ಈಚೆ ಮೇಸ್ತ್ರಿಯ ಗೊಣಗು.
ಅವರು ನಿಂತೇ ಇರುತ್ತಾರೆ
ಅದು ಸೊನ್ನೆಗೆ ಬರುವ ತನಕ.

ಕೊಕ್ಕೆ ಹಿಡಿಯುವ ಹುಡುಗ ನಾನು.
ಒಂದು ದಿನ ಅವ್ವನ ಚೀಲದ ತಳಕ್ಕೆ
ಹೊಳೆಯ ಕಲ್ಲೊಂದು ಸೇರಿಸಿದೆ, ಅವಳಿಗೂ ಹೇಳದೆ.
ಹಣ್ಣು ಸುರಿದಾಗ ಅದು ಸಿಮೆಂಟಿನ ಮೇಲೆ ಟಣ್ ಅಂದಿತು.
ರೈಟರು ಬಗ್ಗಿ ಎತ್ತಿಕೊಂಡರು,
ಅದನ್ನೊಂದೇ ತೂಗಿದರು, ಪುಸ್ತಕದಲ್ಲಿ ಕಳೆದರು.
‘ಕಲ್ಲಿಗೆ ಕೂಲಿಯಿಲ್ಲ ಮಗಾ’.
ಅಷ್ಟೇ.

ಅದೇ ಸಂಜೆ ಸಾಹುಕಾರರು ಜೀಪಿನಿಂದಿಳಿದು
‘ಚೀಲದ ಬಾಬ್ತು ಒಂದೊಂದು ಕಿಲೋ ಮುರಿ ಇವತ್ತಿನಿಂದ’ ಅಂದರು.
ರೈಟರು ಖಾಲಿ ಚೀಲವೊಂದನ್ನು ಕೊಕ್ಕೆಗೆ ಸಿಕ್ಕಿಸಿ ಕಾದರು.
‘ಅರ್ಧ ಇದೆ ಸಾರ್’.
ನನಗೆ ಹೇಳಿದ ದನಿಯೇ.
ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮರುವರ್ಷ ತಕ್ಕಡಿ ಸಾಹುಕಾರರ ಅಳಿಯನ ಕೈಗೆ ಹೋಯಿತು.
ರೈಟರಿಗೆ ಮೆಣಸಿನ ಬಳ್ಳಿ ಎಣಿಸುವ ಕೆಲಸ.
ಎಣಿಸಿದರು.
ಸತ್ತ ಬಳ್ಳಿಯನ್ನು ಸತ್ತದ್ದೆಂದೇ ಬರೆದರು.
ಆ ಕೊಯ್ಲಿನಲ್ಲಿ ಅವ್ವ ಚೀಲ ಎತ್ತಿಕೊಟ್ಟು
ಮುಳ್ಳಿನ ಕಡೆಗೇ ಕಣ್ಣು ನೆಟ್ಟು ನಿಲ್ಲುತ್ತಿದ್ದಳು.
ಅದಕ್ಕೆ ಮೊದಲು
ಅವಳು ಮುಳ್ಳು ನೋಡಿದ್ದೇ ನನಗೆ ನೆನಪಿಲ್ಲ.

ಇದೆಲ್ಲ ಯಾಕೆ ಬರೆದೆನೆಂದರೆ,
ಹೋದ ಮಾರ್ಚಿಯಲ್ಲಿ ಮೆಣಸಿನ ರೇಟು ಏರಿದ ವಾರ
ಹಾಡಿಯ ಜಾಜಿ ಉದುರುಮೆಣಸು ಆಯ್ದು ತಂದಿದ್ದಳು,
ಸೆರಗಿನಲ್ಲಿ ಗಂಟು ಕಟ್ಟಿ.
ಮಗುವಿಗೆ ಜ್ವರ. ಅವಳ ಕಣ್ಣು ಬಸ್ಸಿನ ಮೇಲೆ.
ಸೊನ್ನೆ ತೋರಿಸಲಿಲ್ಲ ನಾನು.
ಅಂಕಿಯನ್ನು ಬಾಯಲ್ಲಿ ಹೇಳಿದೆ, ಸ್ವಲ್ಪ ಇಳಿಸಿ.

ಎರಡು ರಾತ್ರಿ ಅನ್ನ ರುಚಿಸಲಿಲ್ಲ.
ಮೂರನೆಯ ದಿನ ನೆಲ್ಯಹುದಿಕೇರಿಗೆ ಹೋದೆ.
ರೈಟರಿಗೆ ಈಗ ಕಣ್ಣು ಮಂಜು.
ಜಗಲಿಯಲ್ಲಿ ಕೂತು ಹುರುಳಿಯ ಕಲ್ಲನ್ನು
ಬೆರಳಿನಿಂದಲೇ ಹುಡುಕಿ ತೆಗೆಯುತ್ತಿದ್ದರು.
ಹೇಳಿದೆ.
ಬೈಯಲಿ ಅಂತ ಕಾದೆ.
ಕ್ಷಮೆಯ ಮಾತೇನಾದರೂ,
ಬೈಬಲ್ಲಿನದಾದರೂ ಒಂದು.

‘ಎಷ್ಟು?’
‘ಮುನ್ನೂರು ಗ್ರಾಂ.’
‘ಯಾರದ್ದು?’
‘ಜಾಜಿಯದ್ದು.’
ಅವರು ಮುಖವನ್ನು ಬಿಸಿಲಿನ ಕಡೆ ತಿರುಗಿಸಿ
ಕೆನ್ನೆಯಿಂದ ಹೊತ್ತು ನೋಡಿದರು.
‘ಇನ್ನೂ ಬೆಳಕಿದೆ. ಹೋಗಿ ಬಾ.’

ಹಾಡಿ ತಲುಪುವಾಗ ಒಲೆಯ ಹೊಗೆ ಎದ್ದಿತ್ತು.
ಜ್ವರ ಬಿಟ್ಟ ಮಗು ಕೋಳಿಯ ಹಿಂದೆ ಓಡುತ್ತಿತ್ತು.
ಜಾಜಿ ದುಡ್ಡು ಎಣಿಸಿದಳು, ಮತ್ತೊಮ್ಮೆ ಎಣಿಸಿದಳು,
ನನ್ನನ್ನು ಕೂರು ಎನ್ನಲಿಲ್ಲ.
ಬೇಲಿಯ ತನಕ ಬಂದು ಮಾತ್ರ ಕೇಳಿದಳು,
‘ರೈಟರ ಮನೆಗೆ ಹೋಗಿದ್ದೆಯಾ?’