ಎರಡು ಸೇರು ಜೋಳ

ಬೀದರಿನ ದಫ್ತರಖಾನೆಯಲ್ಲಿ ಒಂದು ಕೆಂಪು ಗಂಟು.
ಬಿಚ್ಚಿದರೆ ಒಳಗೊಂದು ರಾಜ್ಯ:
ಏಳೂವರೆ ಹಳ್ಳಿ, ಒಂದು ಗದ್ದುಗೆ, ಒಂದು ಮೊಹರು.
ಅರ್ಧ ಹಳ್ಳಿ ಯಾಕೆಂದರೆ ಹಳ್ಳದಾಚೆ
ಬೇರೆ ದೇವರ ಸರಹದ್ದು.

ನಮ್ಮ ಮುತ್ಯಾನ ಅಪ್ಪ ಧೂಳಪ್ಪ ಅಲ್ಲಿ ಬರೆಯುವವನು.
ಕಾನೂನು ಹುಟ್ಟುವುದನ್ನು ಕಣ್ಣಾರೆ ಕಂಡವನು.

ಅಮಾಸಿ ರಾತ್ರಿ. ಗದ್ದುಗೆಯ ಕರಿಕಲ್ಲಿಗೆ
ಎಡಕ್ಕೊಂದು ಬಲಕ್ಕೊಂದು ಕಣಗಿಲೆ,
ನೀರಲ್ಲಿ ಅದ್ದಿ ಅಂಟಿಸಿದ್ದು.
ಅಯ್ಯನವರು ಕೇಳುತ್ತಾರೆ:
ಜೇನು ಬಿಚ್ಚಿದವರು ಮಠಕ್ಕೆ ಪಾಲು ಕೊಡಬೇಕೋ?
ಬಲಕ್ಕೆ ಬಿದ್ದರೆ ಹೌದು. ಎಡಕ್ಕೆ, ಬೇಡ.
ಊರೆಲ್ಲ ಉಸಿರು ಹಿಡಿದು ಕೂತಿದೆ. ಯಾರದೋ ಕೂಸು ಬಿಕ್ಕುತ್ತದೆ.
ಬಿತ್ತು.
ಧೂಳಪ್ಪ ಬರೆದ: ‘ಅಪ್ಪಣೆಯಾಯಿತು.’
ಆಯಿತು, ಅಷ್ಟೇ. ಮಾಡಿದವರಿಲ್ಲದ ಮಾತು,
ಮಳೆಯಾಯಿತು ಅಂದಹಾಗೆ,
ಹೊತ್ತಾಯಿತು ಅಂದಹಾಗೆ.

ಮೊಹರು ಬಿದರಿಯದು. ಕೋಟೆಯ ಮಣ್ಣಲ್ಲಿ ಕುದ್ದು ಕಪ್ಪಾದದ್ದು.
ಅಕ್ಷರವೆಲ್ಲ ತಿರುವುಮುರುವು,
ಒತ್ತಿದ ಮೇಲೆಯೇ ನೆಟ್ಟಗಾಗುವಂಥವು.

ಪುಟ ತಿರುವುತ್ತೇನೆ.
ಗಾಣದ ಮೇಲೆ ಹೊಸ ಪಟ್ಟಿ: ಎಡ.
ಗಂಡ ಸತ್ತವಳು ಗಂಡನ ಹೊಲ ಉಳಬಹುದೋ: ಬಲ.
ಬಾವಿಗೆ ಬೀಗ: ಎಡ.
ಮರುತಿಂಗಳು ಮತ್ತೆ ಕೇಳಿದರು. ಎಡ.
ಮೂರನೇ ಸಲ ದೇವರಿಗೂ ಬೇಜಾರಾಗಿರಬೇಕು,
ಮಾತು ಮುಗಿಯುವ ಮೊದಲೇ ಎಡಗಡೆ ಹೂ ನೆಲದಲ್ಲಿ.

ಗಂಟಿನ ತಳದಲ್ಲಿ ಹುಳ ತಿಂದ ಖರ್ಚಿನ ಪುಸ್ತಕ.
ಎಣ್ಣೆಗೆ ಇಷ್ಟು, ವಿಭೂತಿಗೆ ಇಷ್ಟು,
‘ಗದ್ದುಗಿ ತೊಳೆದು ಹೂ ಏರಿಸುವಾಕಿಗೆ
ತಿಂಗಳಿಗೆ ಎರಡು ಸೇರು ಜೋಳ.’
ಹೆಸರಿಲ್ಲ.

ಆಯಿಯನ್ನು ಕೇಳಿದ್ದೆ ಒಮ್ಮೆ. ಅವಳು ಅಕ್ಕಿ ಆರಿಸುವುದು ಬಿಡಲಿಲ್ಲ.
“ಬಲಕ್ಕ ಬೀಳಬೇಕಂದ್ರ ಅದಕ್ಕ ನೀರು ಕಮ್ಮಿ ಹಚ್ಚಬೇಕು, ಮಗಾ.
ಇಷ್ಟೂ ತಿಳಿಯಂಗಿಲ್ಲೇನು?”

ಒಂದು ವರ್ಷ ಆ ಜೋಳದ ಸಾಲು ಇಲ್ಲ. ಚಳಿಜ್ವರದ ವರ್ಷ.
ಆಗ ಬೇರೆ ಯಾರೋ ಅಂಟಿಸಿದ್ದಿರಬೇಕು,
ಬಹಳ ಭಕ್ತಿಯಿಂದ, ಬಹಳ ನೀರು ಸುರಿದು.
‘ಹೂ ಬೀಳಲಿಲ್ಲ.’
‘ಹೂ ಬೀಳಲಿಲ್ಲ.’
‘ಬೆಳ್ಳಿ ಮೂಡುವ ತನಕ ಕಾದೆವು. ಹೂ ಬೀಳಲಿಲ್ಲ.’
ಏಳೂವರೆ ಹಳ್ಳಿ ಹೊಸ ಕಾನೂನಿಲ್ಲದೆ ಉಂಡವು, ಜಗಳಾಡಿದವು,
ಸೀತನಿ ಸುಟ್ಟು ಹಂಚಿಕೊಂಡವು.
ಬಾವಿಗೆ ಬೀಗವೂ ಬೀಳಲಿಲ್ಲ.

ಧೂಳಪ್ಪನಿಗೆ ಗೊತ್ತಿತ್ತೋ?
ಒಂದು ಕಡೆ ಅಂಚಿನಲ್ಲಿ ‘ಎಡಗಡೆಯದು ಒಣಗಿತ್ತು’ ಎಂದು ಬರೆದು
ಕಾಟು ಹೊಡೆದಿದ್ದಾನೆ.
ಗೆರೆ ಎಷ್ಟು ತೆಳುವೆಂದರೆ
ಓದಲಿ ಎಂದೇ ಹೊಡೆದಂತಿದೆ.

ಖಲೀಲಮಿಯಾ ಗಡಿಯಾರ ನೋಡುತ್ತಾರೆ, ಬೀಗದಕೈ ಕುಲುಕುತ್ತಾರೆ.
“ಝೆರಾಕ್ಸ್ ಯಾವುದ್ರಿ? ಕಾನೂನಿಂದಾ?”

ಅಲ್ಲ. ಜೋಳದ್ದು.